ಗುರುಲಿಂಗವ್ವ ಗುರುತು ಹಿಡಿದ ಸೆರಗು

ಇಳಕಲ್ ಸೀರೆ ಎಂದರೆ ಯಾರಿಗೆ ಗೊತ್ತಿಲ್ಲ? ಆದರೆ ಅದರ ಒಡಲಿನ ನೂಲು ಬೇರೆ, ಸೆರಗಿನ ನೂಲು ಬೇರೆ ಎಂಬುದು ಉಟ್ಟು ತಿರುಗುವವರಲ್ಲೂ ಎಷ್ಟೋ ಮಂದಿಗೆ ತಿಳಿಯದು. ನೇಯುವಾಗ ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಅದೇ ಕೊಂಡಿ. ಒಂದು ಸೀರೆಗೆ ಸಾವಿರಾರು ಕೊಂಡಿ, ಕಣ್ಣು ಬಸಿದುಹೋಗುವ ಕೆಲಸ. ಗುರುಲಿಂಗವ್ವ ಅದನ್ನು ಮೂವತ್ತು ವರ್ಷ ಮಾಡಿದ್ದಳು.

ಗಂಡ ತೀರಿಕೊಂಡಾಗ ಮಗಳು ಶಿವಬಸವ್ವ ಇನ್ನೂ ತೊಟ್ಟಿಲಲ್ಲಿದ್ದಳು. ಮರುಕ ತೋರಿದವರಿಗೆಲ್ಲ ಗುರುಲಿಂಗವ್ವ, "ನನ್ನ ಕೈ ಇನ್ನೂ ಸತ್ತಿಲ್ಲ, ಹೋಗ್ರಿ" ಎಂದು ಮುಖದ ಮೇಲೆ ಹೊಡೆದಂತೆ ಹೇಳಿ ಕಳಿಸಿದ್ದಳಂತೆ. ಅವಳು ಎಡಚಿ. ಊರವರ ಕುಣಿಕೆಯೆಲ್ಲ ಬಲಕ್ಕೆ ಹೊರಳಿದರೆ ಇವಳದು ಎಡಕ್ಕೆ ಹೊರಳುತ್ತಿತ್ತು. ಮಗಳ ಮದುವೆಯ ಸೀರೆಗೆ ಮಾತ್ರ ಅಂಚಿನ ದಡಿಯ ಪಕ್ಕದ ಐದು ಕೊಂಡಿಗಳನ್ನು ಜೋಡಿ ಎಳೆಯಲ್ಲಿ ಹಾಕಿದ್ದಳು. ಅದನ್ನು ಮಗಳೊಬ್ಬಳಿಗೇ ತೋರಿಸಿದ್ದಳು.

೧೯೭೯ರ ಬೇಸಗೆಯಲ್ಲಿ ಪೊಲೀಸ್ ಜಮಾದಾರ ಮಲೀಕಸಾಬ ಒಬ್ಬ ದಿಲ್ಲಿಯ ಅಧಿಕಾರಿಯನ್ನು ಕರೆದುಕೊಂಡು ಅವಳ ಮನೆ ಬಾಗಿಲಿಗೆ ಬಂದ. ಮುಂಬಯಿಯ ಬಂದರಿನಲ್ಲಿ ಹಡಗು ಹತ್ತಬೇಕಿದ್ದ ಪೆಟ್ಟಿಗೆಯೊಂದನ್ನು ಒಡೆದಾಗ ಒಳಗೆ ಕಲ್ಲಿನ ದೇವಿ ಸಿಕ್ಕಿದ್ದಳು. ಹುನಗುಂದದ ಕಡೆಯ ಒಂದು ಹಾಳು ಗುಡಿಯಿಂದ ಕಳುವಾದ ಮೂರ್ತಿ ಅದು. ಅದಕ್ಕೆ ಸುತ್ತಿದ್ದು ಹರಿದ ಇಳಕಲ್ ಸೀರೆ.

"ಯಕ್ಕಾ, ಊರಾಗ ಎಲ್ಲಾರೂ ನಿನ್ನ ಹೆಸರ ಹೇಳಿದ್ರು. ಈ ಅರಿವಿ ಯಾರದು ಅಂತ ಗೊತ್ತಾಗ್ತದೇನು?" ಎಂದ ಮಲೀಕಸಾಬ.

ಸಾಹೇಬ ಚಾಪೆಯ ಮೇಲೆ ದೇಶದ ನಕಾಶೆ ಹಾಸಿದ. ತುಂಬ ಕೆಂಪು ಚುಕ್ಕೆ. ಒಂದೊಂದು ಚುಕ್ಕೆಯೂ ಕಳುವಾದ ಒಂದೊಂದು ದೇವರು. ಪ್ರತಿ ಠಾಣೆಯವರೂ ಇದು ನಮ್ಮೂರ ಪುಡಿಗಳ್ಳರ ಕೆಲಸ ಎಂದು ಕಾಗದ ಕಟ್ಟಿ ಅಟ್ಟಕ್ಕೆ ಎಸೆದಿದ್ದರು. ಈ ಮನುಷ್ಯ ನಾಲ್ಕು ವರ್ಷ ಕೂತು ರಾಜ್ಯರಾಜ್ಯಗಳ ಕಾಗದಗಳನ್ನೆಲ್ಲ ತರಿಸಿ ಓದಿದ್ದ. ತಂಜಾವೂರಿನ ಕಡೆ ಕದ್ದವನೂ ರಾಜಸ್ಥಾನದಲ್ಲಿ ಕದ್ದವನೂ ಸರಕು ಮುಟ್ಟಿಸುವುದು ಅದೇ ಬಂದರಿಗೆ, ಅದೇ ನಾಲ್ಕು ದಲ್ಲಾಳಿಗಳಿಗೆ. ನಮ್ಮ ಸೀಮೆಯಿಂದ ಸಾಗಿಸುವವರು ಯಾರು ಎಂಬುದೊಂದೇ ಬಾಕಿ ಉಳಿದಿತ್ತು. ಮಲೀಕಸಾಬ ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದಂತೆ ಗುರುಲಿಂಗವ್ವ ಬೆರಗಾಗಿ ಸಾಹೇಬನ ಮುಖ ನೋಡಿದಳು. ಎಲ್ಲೆಲ್ಲಿಯದೋ ಎಳೆಗೆ ಎಳೆ ಕೂಡಿಸಿದ್ದಾನೆ, ಇವನೂ ನನ್ನ ಕಸಬಿನವನೇ ಅನ್ನಿಸಿತು.

ಆಮೇಲೆ ಅರಿವೆಯನ್ನು ತೊಡೆಯ ಮೇಲೆ ಹರಡಿ ಬೆರಳಾಡಿಸಿದಳು. ಕುಣಿಕೆಗಳು ಎಡಕ್ಕೆ ಹೊರಳಿದ್ದವು. ದಡಿಯ ಪಕ್ಕ ಮುಟ್ಟಿದಳು. ಒಂದು, ಎರಡು, ಐದು. ಜೋಡಿ ಎಳೆ.

ಅಳಿಯ ಅಮಾತೆಪ್ಪನಿಗೆ ಕುಳಗೇರಿ ಕ್ರಾಸಿನಲ್ಲಿ ಸ್ವಂತ ಲಾರಿಯಿತ್ತು.

ಹೇಳಿದರೆ ಮಗಳ ಸಂಸಾರ ಬೀದಿಪಾಲು. ಹೇಳದಿದ್ದರೆ ಈ ಲೋಕದಲ್ಲಿ ಮಗಳ ಹೊರತು ಬೇರೆ ಯಾರಿಗೂ ಅದು ತಿಳಿಯುವಂತಿರಲಿಲ್ಲ. ಮಲೀಕಸಾಬನೇ, "ಗೊತ್ತಾಗಲಿಲ್ಲಂದ್ರ ಬಿಡಕ್ಕಾ, ಸಾಹೇಬ್ರು ನಾಳೆ ಹೊಳ್ಳಿ ಹೋಗ್ತಾರ" ಎಂದ. ಗುರುಲಿಂಗವ್ವ ನಕಾಶೆಯ ಮೇಲಿನ ಚುಕ್ಕೆಗಳನ್ನು ನೋಡಿದಳು. ಎಷ್ಟು ಊರುಗಳಲ್ಲಿ ಎಷ್ಟು ಮಂದಿ ಖಾಲಿ ಗದ್ದುಗೆಗೆ ಕೈಮುಗಿಯುತ್ತಿದ್ದಾರೋ ಎಂದುಕೊಂಡಳು.

"ಇದು ನನ್ನ ಮಗಳ ಮದುವಿ ಸೀರಿರಿ. ಆಕಿ ಗಂಡ ಲಾರಿ ಇಟ್ಟಾನ," ಎಂದಳು.

ಮಲೀಕಸಾಬ ತಡವರಿಸುತ್ತಲೇ ಅದನ್ನು ಹಿಂದಿಯಲ್ಲಿ ಹೇಳಿದ. ಸಾಹೇಬ ಕೇಳಿಸಿಕೊಂಡವನು ಎದ್ದು ನಿಂತ. ಎರಡೂ ಕೈ ಮುಗಿದ.

ಎಂಟು ದಿನದಲ್ಲಿ ಅಮಾತೆಪ್ಪ ಸಿಕ್ಕಿಬಿದ್ದ. ಅವನು ಬಾಯಿಬಿಟ್ಟ ಮೇಲೆ ಮುಂಬಯಿಯ ಒಂದು ಗೋದಾಮಿನ ಬೀಗ ಒಡೆದರು. ನಾಲ್ಕು ರಾಜ್ಯಗಳ ಅರವತ್ತು ಮೂರ್ತಿಗಳು ಹುಲ್ಲಿನಲ್ಲಿ ಹುದುಗಿ ಮಲಗಿದ್ದವು. ಪೇಪರಿನಲ್ಲಿ ಓದಿದ ಇಳಕಲ್ಲಿನವರು ಮೂಗಿನ ಮೇಲೆ ಬೆರಳಿಟ್ಟರು. ಹಡೆದವಳೇ ಮಗಳ ಮನೆ ಮುರಿದಳೆಂದು ಆಡಿಕೊಂಡವರೂ ಇದ್ದರು.

ಪೇಪರಿನಲ್ಲಿ ಸುದ್ದಿ ಬಂದ ಹತ್ತನೆಯ ದಿನ ಮಧ್ಯಾಹ್ನದ ಬಸ್ಸಿಗೆ ಶಿವಬಸವ್ವ ಟ್ರಂಕು ಹೊತ್ತು ಬಂದಳು.

"ಬೈಯವ್ವಾ. ಎಷ್ಟು ಬೈತಿ ಅಷ್ಟು ಬೈದುಬಿಡು," ಎಂದಳು ತಾಯಿ.

"ಯಾಕ ಬೈಯಲಿ? ಮನ್ಯಾಗ ಗೋಣಿಚೀಲದ ರಾಶಿ ಬಿದ್ದಿತ್ತು. ಅದರಾಗ ಮೂರ್ತಿ ಸುತ್ತು ಅಂದಿದ್ದ ನಿನ್ನ ಅಳಿಯ. ನಾನ ಟ್ರಂಕ್ ತಗದು ಆ ಸೀರಿ ಹರದೆ. ಕೊಂಡಿ ಇದ್ದ ತುಂಡ ಮ್ಯಾಲ ಬರೂಹಂಗ ಸುತ್ತಿದೆ."

"ಬೇಕಂತ ಹಂಗ ಮಾಡಿದೇನು?" ಎಂದಳು ಗುರುಲಿಂಗವ್ವ.

"ಬಾಯಿ ಬಿಟ್ರ ಜೀವಸಹಿತ ಬಿಡಂಗಿಲ್ಲ ಅಂದಿದ್ದ," ಎಂದಳು ಶಿವಬಸವ್ವ. "ಎಲ್ಲೆರೆ ಪೊಲೀಸರ ಕೈಗೆ ಸಿಕ್ರ ಸೀರಿ ಹಿಡ್ಕೊಂಡು ಇಳಕಲ್ಲಿಗೆ ಬರ್ತಾರ, ಇಲ್ಲಿ ಯಾರನ್ನ ಕೇಳಿದ್ರೂ ನಿನ್ನ ಮನಿ ತೋರಸ್ತಾರ. ಅಷ್ಟರ ಮ್ಯಾಲ ಬಿಟ್ಟಿದ್ದೆ."

ತಾನು ಹೆತ್ತ ಮಗಳ ಮುಂದೆ ಗುರುಲಿಂಗವ್ವನ ಕೈಗಳು ತಾವಾಗಿ ಕೂಡಿದವು. ಆದರೆ ಹೊಟ್ಟೆಯಲ್ಲಿದ್ದ ಮುಳ್ಳನ್ನು ಕೀಳದೆ ಕೈಮುಗಿಯುವುದು ಸರಿ ಕಾಣಲಿಲ್ಲ.

"ಗೊತ್ತಿಲ್ಲ ಅನ್ನಾಕ ಹೊಂಟಿದ್ದೆನವ್ವಾ. ನಾಲಿಗಿ ತುದಿಗೆ ಬಂದಿತ್ತು."

"ಅನಲಿಲ್ಲಲ್ಲ ಬೇ," ಎಂದಳು ಶಿವಬಸವ್ವ.