ಎಡ ಹಿಂಬದಿಯ ಮೂರು ಸೆಂಟಿಮೀಟರ್

ಯಂತ್ರದ ವಿಷಯದಲ್ಲಿ ಯಾರಾದರೂ ‘ವಿಚಿತ್ರ’ ಎಂದರೆ, ಅವರು ನಿದ್ದೆಗೆಟ್ಟಿರಬೇಕು ಇಲ್ಲವೇ ಕುಡಿದಿರಬೇಕು ಎಂದು ತೀರ್ಮಾನಿಸುವವನು ನಾನು. ದೆವ್ವ ಭೂತಗಳನ್ನು ಈಗಲೂ ನಂಬುವುದಿಲ್ಲ. ಆದರೆ ಒಂದು ಬೆಳಿಗ್ಗೆ ಕಣ್ಣಾರೆ ಕಂಡದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹಾಗೆ ಹೇಳದೆ ಉಳಿದುದರಿಂದ ಒಬ್ಬ ಒಳ್ಳೆಯ ಕೆಲಸಗಾರ ಹಾಳಾದ. ಓದುಗರು ನಂಬದಿದ್ದರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ವಡಾಳದ ಕಡೆ, ವಿದೇಶಿ ಕಾರುಗಳನ್ನು ಮಾತ್ರ ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ನಾನು ಫೋರ್‌ಮನ್. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದವನು. ಮಾಟುಂಗದ ಮನೆಯಿಂದ ನಡೆದು ಬಂದು, ಎಂಟಕ್ಕೆ ಹತ್ತು ನಿಮಿಷವಿರುವಾಗ ಷಟರ್ ಎತ್ತುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿರಲಿಲ್ಲ. ರಸ್ತೆಯ ತುಂಬ ಎರಡೋ ಮೂರೋ ಬಗೆಯ ಕಾರುಗಳಷ್ಟೇ ಓಡುತ್ತಿದ್ದ ಕಾಲವದು. ನಮ್ಮಲ್ಲಿಗೆ ಬರುತ್ತಿದ್ದವು ಬೇರೆ ಜಾತಿಯವು. ಕ್ಲಚ್ ಇಲ್ಲದೆ ತಾವೇ ಗೇರು ಬದಲಿಸುತ್ತಿದ್ದವು, ತಮ್ಮ ಎತ್ತರವನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದವು.

ಅಂಥ ಕಾರಿನ ಹಿಂಬದಿಯ ಭಾರವನ್ನು ಉಕ್ಕಿನ ಸ್ಪ್ರಿಂಗಿನ ಬದಲು ಎಣ್ಣೆ ಮತ್ತು ಗ್ಯಾಸ್ ಹೊರುತ್ತವೆ. ಇಂಜಿನ್ ಓಡುತ್ತಿರುವಾಗ ಯಾರಾದರೂ ಹಿಂದೆ ಕೂತರೆ ಕಾರು ಆ ಕಡೆ ಕೊಂಚ ತಗ್ಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಪಂಪು ಎಣ್ಣೆ ಒತ್ತಿ ಅದನ್ನು ಮೊದಲಿನ ಮಟ್ಟಕ್ಕೆ ಎತ್ತುತ್ತದೆ. ಕೂತವರು ಇಳಿದಾಗ ಕಾರು ಮಟ್ಟ ಮೀರಿ ಮೇಲೇಳುತ್ತದೆ, ಆಮೇಲೆ ನಿಧಾನವಾಗಿ ಇಳಿದು ನಿಲ್ಲುತ್ತದೆ. ರಿಪೇರಿಯಾದ ಪ್ರತಿ ಕಾರಿಗೂ ಇದನ್ನು ಪರೀಕ್ಷಿಸಿ, ನೆಲದಿಂದ ಚಕ್ರದ ಮೇಲಿನ ಕಮಾನಿನವರೆಗೆ ಸ್ಟೀಲ್ ಸ್ಕೇಲಿನಿಂದ ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಮೆಕ್ಯಾನಿಕ್ ಬರೆದದ್ದನ್ನು ಓದಿ ನಾನು ಸಹಿ ಹಾಕಬೇಕು. ಕಾರ್ಬನ್ ಪ್ರತಿ ಗಿರಾಕಿಗೆ ಹೋಗುತ್ತದೆ. ಕಂಡದ್ದನ್ನೆಲ್ಲ ಬರೆಯಿರಿ, ಊಹಿಸಿದ್ದನ್ನು ಬರೆಯಬೇಡಿ ಎಂದು ನಿಯಮ ಮಾಡಿದವನೂ ನಾನೇ.

ಈ ಕೆಲಸದಲ್ಲಿ ಸದಾಶಿವನನ್ನು ಮೀರಿಸುವವರಿರಲಿಲ್ಲ. ಉಡುಪಿ ಕಡೆಯವನು, ಆಂಟಾಪ್ ಹಿಲ್ಲಿನಲ್ಲಿ ಸಂಸಾರ. ಆತ ಬಿಗಿದ ಎಣ್ಣೆ ಪೈಪು ಮತ್ತೆ ಸೋರಿದ್ದನ್ನು ನಾನು ಕಾಣೆ. ಫೋರ್ಟ್ ಪ್ರದೇಶದ ಒಬ್ಬ ವ್ಯಾಪಾರಿಯ ಕಪ್ಪು ಕಾರು ಬಂದಾಗ ಅದರ ಎಡ ಹಿಂಬದಿಯ ವಾಲ್ವನ್ನು ಆತನೇ ಬದಲಿಸಿದ. ಸಂಜೆಯ ಅವಸರದಲ್ಲಿ ನಾನು ಕಾರ್ಡಿನ ಅಂಕಿಗಳನ್ನಷ್ಟೇ ನೋಡಿ ಸಹಿ ಹಾಕಿದೆ. ಕೆಳಗೆ ಆತ ಇನ್ನೂ ಎರಡು ಸಾಲು ಬರೆದಿದ್ದ. ಕಾರಿನಲ್ಲಿ ಯಾರೂ ಇಲ್ಲದಾಗ ಎಡ ಹಿಂಬದಿ ಮೂರು ಸೆಂಟಿಮೀಟರ್ ತಗ್ಗಿತು, ಪಂಪು ಎತ್ತಿತು, ಐದು ನಿಮಿಷದ ಮೇಲೆ ಯಾರೋ ಇಳಿದಂತೆ ಮೇಲೆದ್ದು ಸಮವಾಯಿತು ಎಂದು.

ಮರುದಿನ ಕಾರ್ಡಿನ ಪ್ರತಿ ಓದಿದ ಆ ವ್ಯಾಪಾರಿ ಫೋನಿನಲ್ಲಿ ನಮ್ಮ ಮಾಲೀಕರ ಮೇಲೆ ಹರಿಹಾಯ್ದ. ಸುದ್ದಿ ಶೆಡ್ಡಿಗೂ ಹಬ್ಬಿತು.

“ಸದಾಶಿವಣ್ಣ, ನಿಮ್ಮ ಪ್ಯಾಸೆಂಜರ್ ಇಳದ್ರೇನಪಾ? ಟಿಕೇಟ್ ತಗೊಂಡಿದ್ರೋ ಇಲ್ಲೋ?” ಎಂದು ಬಿಜಾಪುರದ ಕಡೆಯ ಪೇಂಟರ್ ಕೆಣಕಿದ.

“ನಗಾಡಿ ಮಾರಾಯ್ರೆ,” ಎಂದ ಸದಾಶಿವ. “ನಿಮ್ಮಿಂದ ಹಗುರ ಇತ್ತು ಅದು, ಅಷ್ಟು ಹೇಳ್ತೇನೆ.”

ನಾನು ಆತನನ್ನು ಕ್ಯಾಬಿನ್ನಿಗೆ ಕರೆದೆ. “ಏನ್ರೀ ಇದು? ಕುಡಿದಿದ್ರಾ?”

“ನಾನು ಕುಡಿಯುದಿಲ್ಲ ಅಂತ ನಿಮಗೆ ಗೊತ್ತುಂಟಲ್ಲ ಸಾರ್.”

“ಹಾಗಾದ್ರೆ ತಪ್ಪಾಗಿ ಕಾಣಿಸ್ತು ಅಂತ ಬರ್ಕೊಡಿ. ಇಲ್ಲಿಗೇ ಮುಗಿಸ್ತೀನಿ.”

“ಕಾಣಿಸಿದ್ದಲ್ಲ ಸಾರ್, ಸ್ಕೇಲ್ ಹಿಡಿದು ಅಳೆದದ್ದು. ನೀವೇ ಒಂದ್ಸಲ ನೋಡಿ. ಮತ್ತೆ ಬೇಕಾದ್ರೆ ನನ್ನನ್ನು ಕಳಿಸಿ.”

ನಾನು ನೋಡಲಿಲ್ಲ. ಓದದೆ ಸಹಿ ಹಾಕಿದೆಯಾ ಎಂದು ಮಾಲೀಕರು ಕೇಳಿದಾಗ, ನನ್ನ ಸಹಿಯಾದ ಮೇಲೆ ಆ ಸಾಲುಗಳನ್ನು ಸೇರಿಸಿದ್ದಾನೆ ಎಂದು ಹೇಳಿಬಿಟ್ಟೆ. ಸಹಿಯಾದ ಕಾರ್ಡನ್ನು ತಿದ್ದುವುದು ನಮ್ಮಲ್ಲಿ ಕ್ಷಮಿಸುವ ತಪ್ಪಲ್ಲ. ಮಧ್ಯಾಹ್ನದೊಳಗೆ ಸದಾಶಿವ ನಟ್ಟು ಬಿಗಿಯುವ ತನ್ನ ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ. ನನ್ನ ಕಡೆ ತಿರುಗಿ ನೋಡಲಿಲ್ಲ.

ಫೋರ್‌ಮನ್ನೇ ಖುದ್ದಾಗಿ ಪರೀಕ್ಷಿಸುತ್ತಾರೆ ಎಂದು ಮಾಲೀಕರು ವ್ಯಾಪಾರಿಗೆ ಮಾತು ಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ, ಉಳಿದವರು ಬರುವ ಮೊದಲೇ, ಡ್ರೈವರ್ ಕಾರು ತಂದು ಒಳಗೆ ನಿಲ್ಲಿಸಿ ಚಾ ಕುಡಿಯಲು ಹೊರಗೆ ಹೋದ. ಬಿಸಿಲು ನೇರವಾಗಿ ಶೆಡ್ಡಿನೊಳಗೆ ಬೀಳುತ್ತಿತ್ತು. ಇಂಜಿನ್ ಓಡುತ್ತಿತ್ತು, ನಾಲ್ಕೂ ಬಾಗಿಲು ಮುಚ್ಚಿದ್ದವು. ನಾಲ್ಕು ಮೂಲೆಗಳನ್ನೂ ಅಳೆದೆ. ಎಲ್ಲ ಸರಿಯಿತ್ತು. ಎಡ ಹಿಂದಿನ ಚಕ್ರದ ಬಳಿ ಸ್ಕೇಲ್ ಹಿಡಿದು ಕೂತಿದ್ದಾಗ ಕಮಾನು ನನ್ನ ಕಣ್ಣೆದುರೇ ಕೆಳಗಿಳಿಯಿತು.

ಮೂರು ಸೆಂಟಿಮೀಟರ್. ಇಳಿದದ್ದು ಒಮ್ಮೆಲೇ, ಇಳಿದ ಮೇಲೆ, ಮನುಷ್ಯ ಕೂತಾಗ ಆಗುವಂತೆ, ಒಂದು ಸಣ್ಣ ಕುಲುಕು. ಪಂಪು ಶಬ್ದ ಮಾಡಿತು, ಕಾರು ಮಟ್ಟಕ್ಕೆ ಬಂತು. ನಾನು ಎದ್ದು ಹಿಂದಿನ ಬಾಗಿಲು ತೆರೆದೆ. ಖಾಲಿ ಸೀಟು. ತೊಗಲಿನ ಮೇಲೆ ಒಂದು ಸುಕ್ಕಿರಲಿಲ್ಲ. ಕೈಯಿಟ್ಟು ನೋಡಲು ಮನಸ್ಸಾಗಲಿಲ್ಲ. ಬಾಗಿಲು ಹಾಕಿ, ಗಡಿಯಾರ ನೋಡುತ್ತ ಅಲ್ಲೇ ನಿಂತೆ. ಐದು ನಿಮಿಷ ತುಂಬುತ್ತಿದ್ದಂತೆ ಆ ಮೂಲೆ ಮಟ್ಟ ಮೀರಿ ಮೇಲೆದ್ದಿತು, ಮತ್ತೆ ನಿಧಾನವಾಗಿ ಇಳಿದು ನಿಂತಿತು.

ಹೊರಗೆ ಹೋಗಿ ಡ್ರೈವರನ್ನು ಕೇಳಿದೆ, ಹಿಂದೆ ಯಾರು ಕೂರುತ್ತಾರೆ ಎಂದು.

“ಕೋಯಿ ನಹೀ. ಸೇಠ್ ಆಗೇ ಹೀ ಬೈಠ್ತೇ ಹೈ,” ಎಂದ. ಹಿಂದೆ ಯಾರೂ ಕೂರುವುದಿಲ್ಲವಂತೆ. ಸೇಠರು ಯಾವಾಗಲೂ ಮುಂದೆಯೇ ಏಕೆ ಕೂರುತ್ತಾರೆ ಎಂದದ್ದಕ್ಕೆ, “ಉನ್‌ಸೇ ಪೂಛೋ”, ಅವರನ್ನೇ ಕೇಳಿ, ಎಂದು ಅರ್ಧ ಚಾ ಬಿಟ್ಟು ಎದ್ದ.

ವಾಲ್ವ್ ಸೋರಿದರೆ ಕಾರು ಮೆಲ್ಲನೆ ಇಳಿಯುತ್ತದೆ, ಕುಲುಕುವುದಿಲ್ಲ. ಪೈಪಿನಲ್ಲಿ ಗಾಳಿ ಸೇರಿದ್ದರೆ ಮತ್ತೆ ಮಟ್ಟಕ್ಕೆ ಬರುವುದಿಲ್ಲ. ಮಟ್ಟ ಮೀರಿ ಮೇಲೇಳಬೇಕಾದರೆ ಇದ್ದ ಭಾರ ಹೋಗಿರಲೇಬೇಕು. ಅಂದಿನಿಂದ ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಕಾರಣ ಸಿಕ್ಕಿಲ್ಲ.

ಒಂಬತ್ತಕ್ಕೆ ಮಾಲೀಕರು ಬಂದು ಕೇಳಿದರು. ಕಂಡದ್ದನ್ನು ಹೇಳಿದರೆ ಸದಾಶಿವನನ್ನು ಮರಳಿ ಕರೆಯಬೇಕಿತ್ತು. ಕರೆದರೆ ಆ ಸಾಲುಗಳನ್ನು ಯಾವಾಗ ಬರೆದದ್ದು ಎಂಬ ಮಾತು ಏಳುತ್ತಿತ್ತು. ಕಾರು ಸರಿಯಿದೆ ಎಂದೆ.

ವರ್ಷದ ಮೇಲೆ ಮಾಟುಂಗದ ಒಂದು ಹೋಟೆಲಿಗೆ ಹೋದಾಗ ಸದಾಶಿವ ಎದುರಾದ. ಅದು ಅವನ ಭಾವನ ಹೋಟೆಲು, ಉಗ್ರಾಣ ನೋಡಿಕೊಳ್ಳುತ್ತಿದ್ದ. ಉಗುರಿನ ಸಂದಿಯ ಕಪ್ಪು ಹೋಗಿತ್ತು. “ಬನ್ನಿ ಸಾರ್, ಕೂತ್ಕೊಳ್ಳಿ,” ಎಂದು ಕಾಫಿ ತರಿಸಿದ. ಸಹಿಯ ಮಾತು ಎತ್ತುತ್ತಾನೆ ಎಂದು ಕಾದೆ. ಎತ್ತಲಿಲ್ಲ.

“ಒಂದು ಕೇಳ್ಬೇಕಿತ್ತು. ಆ ಗಾಡಿ ನೀವು ಮತ್ತೆ ನೋಡಿದ್ರಂತೆ. ಎಂತಾದ್ರೂ ಇತ್ತಾ?”

ಅಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೂ, “ನೋಡ್ದೆ. ಏನೂ ಇರ್ಲಿಲ್ಲ,” ಎಂದೆ.

ಆತ ಮೇಜಿನ ಮೇಲೆ ಕೈಯಾಡಿಸಿದ. “ಹಾಗಾದ್ರೆ ನನ್ನ ತಲೆಯೇ ಸರಿ ಇರ್ಲಿಲ್ಲ ಅಂತಾಯ್ತು. ಮನೆಯವಳೂ ಅದೇ ಹೇಳುದು. ಎರಡು ಗ್ಯಾರೇಜಿನವರು ಕರೆದ್ರು ಸಾರ್, ನಾನು ಹೋಗ್ಲಿಲ್ಲ. ಇಲ್ಲದ್ದು ಕಾಣುವವ ಬ್ರೇಕಿನ ಪೈಪ್ ಮುಟ್ಟಬಾರ್ದಲ್ಲ?”

ಹೌದು ಎಂದು ತಲೆಯಾಡಿಸಿದೆ.

ಆ ಸೀಟಿನಲ್ಲಿ ಕೂತದ್ದು ಏನು, ಇಳಿದದ್ದು ಏನು, ನನಗೆ ಇವತ್ತಿಗೂ ತಿಳಿದಿಲ್ಲ. ಸದಾಶಿವ ತೀರಿಕೊಂಡು ಈಗ ಎಷ್ಟೋ ವರ್ಷ. ಕೊನೆಯವರೆಗೂ ಆತ ಮತ್ತೆ ಪಾನಾ ಹಿಡಿಯಲಿಲ್ಲವಂತೆ.