ಮೊದಲ ದೃಶ್ಯ ತಪ್ಪಿಸಿಕೊಂಡವರು

ಮನೆಗೆ ಬೀಗ ಹಾಕಿ, ಗೇಟು ದಾಟಿ, ನಾನು ಸ್ಕೂಟರಿನ ಕಿಕ್ಕರ್ ಒದ್ದ ಮೇಲೆಯೇ ನನ್ನ ಹೆಂಡತಿ ಸರೋಜಳಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಸಂದೇಹ ಹುಟ್ಟುವುದು. ತರಕಾರಿ ಮಾರುಕಟ್ಟೆಗೆ ಹೊರಟಾಗ ಇಲ್ಲದ ಈ ಸಂದೇಹ ಸಿನಿಮಾಕ್ಕೆ ಹೊರಟಾಗ ಮಾತ್ರ ತಪ್ಪದೆ ಉದಯಿಸುತ್ತದೆ. ಅವಳು ಮತ್ತೆ ಬೀಗ ತೆಗೆದು, ಆರಿಯೇ ಇದ್ದ ಒಲೆಯ ದರ್ಶನ ಮಾಡಿ ಬರುವಷ್ಟರಲ್ಲಿ, ಚಿಂತಾಮಣಿಯ ಟಾಕೀಸಿನಲ್ಲಿ ನಾಯಕನ ಪಾದ, ಕೈಗಡಿಯಾರ, ಮೀಸೆಗಳು ಕ್ರಮವಾಗಿ ಪ್ರತ್ಯಕ್ಷವಾಗಿ ಮುಗಿದಿರುತ್ತವೆ. ನಾವು ಕತ್ತಲಲ್ಲಿ ಯಾರದೋ ಕಾಲು ತುಳಿದು, ಬೈಸಿಕೊಂಡು ಕೂರುತ್ತೇವೆ.

ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರಾದ್ದರಿಂದಲೋ ಏನೋ, ಆರಂಭಗಳ ಮೇಲೆ ನನಗೆ ವಿಪರೀತ ಭಕ್ತಿ. ಜಾಣ ನಿರ್ದೇಶಕ ಕಥೆಯ ಬೀಜವನ್ನೆಲ್ಲ ಮೊದಲ ದೃಶ್ಯದಲ್ಲೇ ಬಿತ್ತಿರುತ್ತಾನೆ ಎಂಬುದು ನನ್ನ ಅಚಲ ಸಿದ್ಧಾಂತ. ಒಬ್ಬ ಕಾಫಿ ಚೆನ್ನಾಗಿಲ್ಲವೆಂದು ಲೋಟ ಎಸೆದನೋ, ಮುಂದೆ ಅವನು ಎಸೆಯುವುದು ಮನುಷ್ಯರನ್ನೇ. ಗೋಡೆಯ ಮೇಲೆ ಹಾರ ಹಾಕಿದ ಪಟ ಕಂಡಿತೋ, ಸೇಡಿನ ಕಥೆಗೆ ಸಿದ್ಧರಾಗಿ ಸ್ವಾಮಿ! ಈ ಜ್ಞಾನವನ್ನು ಸರೋಜಳಿಗೆ ಧಾರೆಯೆರೆಯಲು ಹೊರಟರೆ ಅವಳು ಆಕಳಿಸುತ್ತಾಳೆ. ಅವಳದೂ ತಪ್ಪಲ್ಲ. ಕೆಂಚಾರ್ಲಹಳ್ಳಿಯ ರೇಷ್ಮೆ ಸಾಕುವ ಮನೆಯಲ್ಲಿ ಬೆಳೆದವಳು; ಹುಳುಗಳಿಗೆ ಸೊಪ್ಪು ಹಾಕದೆ ಆ ಮನೆಯವರು ಹೊಸಿಲು ದಾಟಿದವರಲ್ಲ. ಹೀಗಾಗಿ ಮದುವೆಗೆ ಮುಂಚೆ ಅವಳು ಒಂದು ಸಿನಿಮಾದ ಆರಂಭವನ್ನೂ ಕಂಡಿರಲಿಲ್ಲ. ನಡುವೆ ಹೋಗಿ ಕೂತು, ಯಾರು ಒಳ್ಳೆಯವನು, ಯಾರು ಕೆಟ್ಟವನು ಎಂಬುದನ್ನು ಅವರವರ ನಡತೆ ನೋಡಿಯೇ ತೀರ್ಮಾನಿಸುವುದು ಅವಳ ರೂಢಿ.

ಆದರೆ ಓದುಗ ಮಿತ್ರರೇ, ಆರಂಭದ ಬಗ್ಗೆ ನಾನಿಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಬೇರೆಯೇ ಕಾರಣವಿದೆ. ನಮ್ಮ ದಾಂಪತ್ಯವೆಂಬ ಚಿತ್ರದ ಮೊದಲ ದೃಶ್ಯದಲ್ಲಿ ನಾಯಕನಾದ ನಾನು ಘೋರವಾಗಿ ಸೋತಿದ್ದೆ. ಹೆಣ್ಣು ನೋಡಲು ಹೋದ ದಿನ ಮಾವನವರು ಕೆಲಸದ ವಿಚಾರ ಕೇಳಿದರೆ ಬರೀ ತಲೆಯಾಡಿಸಿದೆ, ಕೊಟ್ಟ ಕಾಫಿ ಅರ್ಧ ಪ್ಯಾಂಟಿನ ಪಾಲಾಯಿತು. ಅವಳ ಚಿಕ್ಕಪ್ಪನವರು, ನನಗೆ ತೆಲುಗು ಬಾರದೆಂದು ಭಾವಿಸಿ (ಚಿಂತಾಮಣಿಯಲ್ಲಿ ಹುಟ್ಟಿದವನಿಗೆ!), "ಪಿಲ್ಲೋಡು ಮಂಚೋಡೇ, ನೋರೇ ಲೇದು" ಎಂದರು. ಹುಡುಗ ಒಳ್ಳೆಯವನೇ, ಬಾಯೇ ಇಲ್ಲ! ಬಾಯಿಂದಲೇ ಅನ್ನ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಮಂಗಳಾರತಿ ಬೇಕೆ? ಮಾವನವರು 'ನೋಡೋಣ' ಎಂದು ರಾಗ ಎಳೆದರು. ಒಪ್ಪಿದ್ದು ಸರೋಜ ಒಬ್ಬಳೇ. ಏನು ಕಂಡು ಒಪ್ಪಿದೆ ಎಂದು ಅಂದಿನಿಂದಲೂ ಕೇಳುತ್ತಿದ್ದೇನೆ. "ಸೊಪ್ಪು ಹಾಕೋಕೆ ಹೊತ್ತಾಗಿತ್ತು, ಹೂಂ ಅಂದ್ಬಿಟ್ಟೆ ಕಣ್ರೀ" ಎನ್ನುತ್ತಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಅದು ನಿಜವೇ ಇದ್ದೀತೆಂಬ ಅಳುಕು ಮಾತ್ರ ತಲೆ ನರೆತರೂ ನನ್ನನ್ನು ಬಿಟ್ಟಿರಲಿಲ್ಲ.

ಹೋದ ಭಾನುವಾರ ನಾನೇ ಗ್ಯಾಸ್ ಆರಿಸಿ, ಆರಿದ್ದನ್ನು ಅವಳಿಗೆ ತೋರಿಸಿ, ಬೀಗ ಹಾಕಿದೆ. ಮ್ಯಾಟಿನಿಗೆ ಮೊದಲ ಬಾರಿ ಹೊತ್ತಿಗೆ ಮುಂಚೆಯೇ ತಲುಪಿದೆವು. ತೆರೆಯ ಮೇಲೆ ನಾಯಕ ಧಾವಿಸುವ ಲಾರಿಯ ಮುಂದೆ ಹಾರಿ ನಾಯಿಮರಿಯೊಂದನ್ನು ಎತ್ತಿಕೊಂಡ. ಶಿಳ್ಳೆಗಳ ಸುರಿಮಳೆ. ನೋಡು, ಇವನ ಗುಣ ಇಲ್ಲೇ ತಿಳಿಯಿತು ಎಂದು ನಾನು ಅವಳ ಕಿವಿಯಲ್ಲಿ ಪಾಠ ಶುರುಮಾಡಿದೆ.

"ಗೊತ್ತು, ಸುಮ್ನಿರಿ. ನಿಮ್ದೂ ನೋಡಿದೀನಿ" ಎಂದಳು.

ಆಮೇಲೆ, ಕಡಲೆಕಾಯಿ ಬಿಡಿಸುತ್ತಲೇ ಹೇಳಿದಳು. ಹೆಣ್ಣು ನೋಡಲು ಹೋದ ಅಂದು, ಹಿರಿಯರೆಲ್ಲ ಒಳಗೆ ಹೋದ ಮೇಲೆ ನಾನು ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದೆನಂತೆ. ಹುಳುಮನೆಯ ಕಸದ ಬುಟ್ಟಿಯಿಂದ ಜಾರಿದ ರೇಷ್ಮೆಹುಳುವೊಂದು ಕಾಲ ಬಳಿ ಹರಿದಾಡುತ್ತಿತ್ತಂತೆ. ನಾನದನ್ನು ಮೆಲ್ಲಗೆ ಎತ್ತಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎದುರಿಗಿದ್ದ ತುಳಸಿಗಿಡದ ಮೇಲೆ ಬಿಟ್ಟು, ಒಂದು ಎಲೆಯನ್ನು ಅದರ ಬಾಯಿಯ ಹತ್ತಿರಕ್ಕೆ ಬಾಗಿಸಿ ಹಿಡಿದೆನಂತೆ. ಹಿಪ್ಪುನೇರಳೆ ಸೊಪ್ಪಲ್ಲದೆ ಬೇರೇನನ್ನೂ ತಿನ್ನದ ಹುಳುವಿಗೆ ತುಳಸಿಯ ನೈವೇದ್ಯ! ಸೀರೆ ಉಡುವ ಮುಂಚೆ ಸೊಪ್ಪು ಹಾಕಿ ಬರೋಣವೆಂದು ಹೋಗಿದ್ದ ಸರೋಜ ಹುಳುಮನೆಯ ಕಿಟಕಿಯ ಜಾಲರಿಯ ಹಿಂದೆ ನಿಂತಿದ್ದಳು. ನನಗಂತೂ ಇದು ನೆನಪೇ ಇಲ್ಲ.

"ಈ ಮನುಷ್ಯನಿಗೆ ಏನೂ ಗೊತ್ತಿಲ್ಲ, ಆದ್ರೆ ಯಾರ್ನೂ ಉಪವಾಸ ಕೆಡವಲ್ಲ ಅನ್ನಿಸ್ತು" ಎಂದಳು. "ಅದಕ್ಕೇ ಹೂಂ ಅಂದೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನಾನು ಅದರ ಮೇಲೂ ಪಾಠ ಮಾಡುತ್ತಿದ್ದೆನಂತೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ಆ ಹುಳು ಏನಾಯಿತೋ ಎಂಬ ಚಿಂತೆ ಹತ್ತಿ, ಅದನ್ನೂ ಕೇಳಿಯೇ ಬಿಟ್ಟೆ.

"ನಾನೇ ಎತ್ತಿ ಬೇರೆ ತಟ್ಟೇಲಿ ಸೊಪ್ಪು ಹಾಕ್ದೆ. ಗೂಡು ಕಟ್ತು. ಈಗ ಸಿನಿಮಾ ನೋಡ್ರಿ."

ತೆರೆಯ ಮೇಲೆ ಮುಂದೇನಾಯಿತೋ ನನಗೆ ಗೊತ್ತಿಲ್ಲ. ನಿನ್ನೆ ಇನ್ನೊಂದು ಚಿತ್ರಕ್ಕೆ ಹೊರಟಾಗ ಅವಳು ಗೇಟಿನ ಬಳಿ ಎಂದಿನಂತೆ ತಡೆದು ನಿಂತಳು. ನಾನು ಸ್ಕೂಟರ್ ನಿಲ್ಲಿಸಿ, ಬೀಗ ತೆಗೆದು, ನಾನೇ ಒಳಗೆ ಹೋದೆ. ಒಲೆ ಆರಿತ್ತು. ಹಿತ್ತಲ ತುಳಸಿಗೆ ಒಂದು ಚೊಂಬು ನೀರು ಹಾಕಿ, ನಿಧಾನವಾಗಿ ಹೊರಗೆ ಬಂದೆ.