ಮುತ್ತಿ ಆಡಿದ ಪಂದ್ಯ

ಎಪ್ಪತ್ತರ ದಶಕದಲ್ಲಿ ಸಿರುಗುಪ್ಪದ ಅಕ್ಕಿ ಗಿರಣಿ ಹಮಾಲರ ಫುಟ್‌ಬಾಲ್ ತಂಡಕ್ಕೆ ನಾನು ಕೋಚ್. ಬಳ್ಳಾರಿಯ ಪಂದ್ಯದಲ್ಲಿ ಸೋತರೆ ತಂಡ ಬಂದ್ ಎಂದಿದ್ದರು ಮಾಲೀಕರು. ಹಾಗಾಗಿ ನಾಲ್ವರು ಫಾರ್ವರ್ಡುಗಳನ್ನು ನಿಲ್ಲಿಸಿ, "ಚೆಂಡು ಅವರ ಕಾಲಿಗೆ ಹೋದ್ರ ಅವರ ಗೋಲಿನ ಮುಂದ ಮುತ್ತಿ ಕಸೀರಿ, ಬ್ಯಾಕುಗಳೂ ಮ್ಯಾಲೆ ಹೋಗ್ರಿ" ಎಂದೆ.

ಮೊದಲರ್ಧದಲ್ಲಿ ಎರಡು ಗೋಲು ಹೊಡೆದೆವು. ಆಮೇಲೆ ನಮ್ಮವರ ಕಾಲೇ ಏಳಲಿಲ್ಲ. ಖಾಲಿ ಬಿದ್ದ ಹಿಂಬದಿಯಲ್ಲಿ ಅವರು ಐದು ಹೊಡೆದರು. ಸೆಂಟರ್ ಫಾರ್ವರ್ಡ್ ಹುಸೇನಿ ಕುಸಿದು ವಾಂತಿ ಮಾಡಿಕೊಂಡ.

ನೀರು ತಂದ ಎದುರು ತಂಡದ ನಾಯಕ ಕೇಳಿದ: "ಇವರು ಮುಂಜಾನಿ ಏನು ಮಾಡ್ಯಾರ್ರಿ?"

"ಲಾರಿಗೆ ಚೀಲ ಹೊತ್ತಾರ."

"ಗೊತ್ತಿದ್ದೂ ಓಡಿಸಿದ್ರಿ?"



ತಂಡ ಅಲ್ಲಿಗೇ ಮುಗಿಯಿತು. ವಾಪಸ್ ಬಸ್ಸಿನಲ್ಲಿ ಸೀಟು ಸಿಗದೆ ನಿಂತಿದ್ದೆ; ಹುಸೇನಿಯೇ ಎದ್ದು, "ಕೂಗಿ ಕೂಗಿ ದಣದೀರಿ, ಕುಂದರ್ರಿ ಸರ್" ಎಂದ. ನಾನು ಕೂತೂ ಬಿಟ್ಟೆ.